ಪಿಂಚಣಿ: ದಯೆಯೋ, ಹಕ್ಕೋ?
(ಬೆಳ್ಳಿಹಬ್ಬದ ಸಂದರ್ಭದಲ್ಲಿ ಮಾಡಿದ ಭಾಷಣ)



ಸಾಲ, ಗೊಬ್ಬರ, ಷೇರಿನ ಮಾತು ಸಂಘದಲ್ಲಿ ದಿನಾ ಇದ್ದದ್ದೇ. ಇವತ್ತು ಪಿಂಚಣಿ ಬಗ್ಗೆ ನಾಲ್ಕು ಮಾತು ಆಡೋಣ ಅಂತ ನಿಂತಿದ್ದೇವೆ. ನಿವೃತ್ತ ಮೇಷ್ಟ್ರನ್ನು ಕಂಡು "ಸರ್ಕಾರ ಕೂರಿಸಿ ಅನ್ನ ಹಾಕ್ತದೆ" ಅನ್ನೋರು ನಮ್ಮಲ್ಲೂ ಇದ್ದಾರೆ. ಆ ಮಾತು ಸರಿಯಲ್ಲ.

ಡಿ.ಎಸ್. ನಕಾರಾ ಎಂಬ ಕೇಂದ್ರ ಸರ್ಕಾರಿ ಅಧಿಕಾರಿ 1972ರಲ್ಲಿ ನಿವೃತ್ತರಾದರು. 1979ರಲ್ಲಿ ಸರ್ಕಾರ ಲೆಕ್ಕ ಬದಲಿಸಿತು. ಕಡೆಯ 36 ತಿಂಗಳ ಸಂಬಳದ ಸರಾಸರಿ ಹಿಡಿಯುತ್ತಿದ್ದುದು 10 ತಿಂಗಳಿಗೆ ಇಳಿಯಿತು. ಸಂಬಳ ಏರುತ್ತಾ ಹೋಗುವುದರಿಂದ ಇದು ನೌಕರನಿಗೇ ಲಾಭ. ಆದರೆ ಆ ವರ್ಷದ ಮಾರ್ಚ್ 31ರಿಂದ ಈಚೆಗೆ ನಿವೃತ್ತರಾದವರಿಗೆ ಮಾತ್ರ! 30ರಂದು ಮನೆಗೆ ಹೋದವನು ಮಾಡಿದ ಪಾಪವೇನು? ನಕಾರಾ ಸುಪ್ರೀಂ ಕೋರ್ಟಿಗೆ ಹೋದರು. 1982ರ ಡಿಸೆಂಬರ್ 17ರಂದು ತೀರ್ಪು ಬಂತು: ಈ ಭೇದ ಸಲ್ಲದು, ಪಿಂಚಣಿ ಒಡೆಯನ ಕೃಪೆಯಲ್ಲ, ದುಡಿದವನ ಹಕ್ಕು. ಆ ದಿನವನ್ನೇ ಪಿಂಚಣಿದಾರರ ದಿನವಾಗಿ ಆಚರಿಸುತ್ತಾರೆ.

ಆದರೂ ತಾರೀಖಿನ ಗೆರೆ ಮತ್ತೆ ಬಂತು. ಕೇಂದ್ರದಲ್ಲಿ 1-1-2004, ನಮ್ಮ ರಾಜ್ಯದಲ್ಲಿ 1-4-2006. ಅಂದಿನಿಂದ ಸೇರಿದವರಿಗೆ ಎನ್.ಪಿ.ಎಸ್. ಮೂಲವೇತನ, ತುಟ್ಟಿಭತ್ಯೆಯ ಶೇ. 10ರಷ್ಟನ್ನು ನೌಕರ ಕಟ್ಟಬೇಕು; ಸರ್ಕಾರವೂ ತನ್ನ ಪಾಲು ಹಾಕುತ್ತದೆ; ದುಡ್ಡು ಹೂಡಿಕೆಗೆ ಹೋಗುತ್ತದೆ. ನಿವೃತ್ತಿಯಾದಾಗ ಸಾಮಾನ್ಯವಾಗಿ ಶೇ. 60ರವರೆಗೆ ಕೈಗೆ, ಉಳಿದ ಶೇ. 40ರಲ್ಲಿ ಮಾಸಿಕ ಪಿಂಚಣಿ ಕೊಂಡುಕೊಳ್ಳಬೇಕು. ತಿಂಗಳಿಗೆಷ್ಟು ಅಂತ ಮೊದಲೇ ಹೇಳೋಕ್ಕಾಗಲ್ಲ. ಒಂದೇ ಶಾಲೆ, ಒಂದೇ ಪಾಠ. ಒಬ್ಬರಿಗೆ ಖಾತ್ರಿ, ಇನ್ನೊಬ್ಬರಿಗೆ ಪೇಟೆ ಧಾರಣೆ! ಧಾರಣೆ ಅಂದ್ರೇನು ಅಂತ ಬೆಳೆಗಾರರಾದ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

2006ಕ್ಕೆ ಮುಂಚೆ ನೇಮಕಾತಿ ಅಧಿಸೂಚನೆಯಾಗಿ, ತಡವಾಗಿ ಸೇರಿದವರಿಗೆ ಹಳೆಯ ಪದ್ಧತಿ ಕೊಡಲು ರಾಜ್ಯ ಸರ್ಕಾರ 2024ರ ಜನವರಿಯಲ್ಲಿ ಆದೇಶಿಸಿತು. ಕೇಂದ್ರವೂ 1-4-2025ರಿಂದ ಏಕೀಕೃತ ಪಿಂಚಣಿ ಯೋಜನೆ ತಂದಿತು. ಅದನ್ನು ಆರಿಸಿಕೊಂಡು 25 ವರ್ಷ ದುಡಿದವರಿಗೆ ಕಡೆಯ 12 ತಿಂಗಳ ಸರಾಸರಿ ಮೂಲವೇತನದ ಅರ್ಧ ಖಾತ್ರಿ. ಬಿಟ್ಟು ಬಂದ ದಾರಿಯಲ್ಲಿ ಅರ್ಧ ಹಿಂದಕ್ಕೆ ನಡೆದ ಹಾಗಾಯಿತು ಅಂತ ನಮಗೆ ಅನ್ನಿಸುತ್ತದೆ.

ತಾಯಂದಿರಿಗೆ ಒಂದು ಮಾತು. ಯಜಮಾನರು ತೀರಿಕೊಂಡರೆ ಕುಟುಂಬ ಪಿಂಚಣಿ ಉಂಟು. ಆದರೆ ಸೇವಾ ಪುಸ್ತಕದಲ್ಲಿ ಗೌರಮ್ಮ, ಆಧಾರಿನಲ್ಲಿ ಗೌರವ್ವ ಅಂತಿದ್ದರೆ ಅಲೆದಾಟ ತಪ್ಪದು. ಅವರು ಇರುವಾಗಲೇ ಹೆಸರು, ಜನ್ಮದಿನಾಂಕ ತಾಳೆ ನೋಡಿ ಸರಿಪಡಿಸಿಕೊಳ್ಳಿ, ಜಂಟಿ ಫೋಟೋ ಇಟ್ಟುಕೊಳ್ಳಿ. ವರ್ಷಕ್ಕೊಮ್ಮೆ ಜೀವಿತ ಪ್ರಮಾಣಪತ್ರ ಮರೆಯಬೇಡಿ. ಅರ್ಜಿ ಬರೆಯೋಕೆ ಬಾರದಿದ್ದರೆ ಕಾಗದಪತ್ರ ಹಿಡಿದು ಸಂಘದ ಕಚೇರಿಗೆ ಬನ್ನಿ, ಕೂತು ಬರೆಯೋಣ.