ಹಿಂದುಳಿದ ಮರಿ



ಕನ್ನಡದಲ್ಲಿ 'ಕಾಯು' ಎಂಬುದೊಂದು ಕ್ರಿಯಾಪದ ಉಂಟು. ಒಲೆಯ ಮೇಲೆ ನೀರು ಕಾಯುತ್ತದೆ. ಹುಡುಗ ಅಡವಿಯಲ್ಲಿ ದನ ಕಾಯುತ್ತಾನೆ. ತಾಯಿ ಬಾಗಿಲಲ್ಲಿ ನಿಂತು ಮಗನ ದಾರಿ ಕಾಯುತ್ತಾಳೆ. ಬಿಸಿಯಾಗುವುದು, ರಕ್ಷಿಸುವುದು, ನಿರೀಕ್ಷಿಸುವುದು, ಈ ಮೂರಕ್ಕೂ ನಮಗೆ ಒಂದೇ ಮಾತು ಸಾಕು. ನಿಘಂಟುಕಾರರು ಇದನ್ನು ಒಪ್ಪಲಾರರು. 1961ರಲ್ಲಿ ಮೊದಲು ಅಚ್ಚಾದ ಬರೋ ಮತ್ತು ಎಮೆನೋ ಅವರ ದ್ರಾವಿಡ ನಿಷ್ಪತ್ತಿ ಕೋಶದಲ್ಲಿ ಬಿಸಿಯಾಗುವ 'ಕಾಯ್' ಬೇರೆ, ಕಾಪಾಡುವ 'ಕಾಯ್' ಬೇರೆ. ಅವರ ಮಾತು ಸರಿಯೇ. ತರಗತಿಯಲ್ಲಿ ನಾನೂ ಹಾಗೆಯೇ ಪಾಠ ಹೇಳಿದವನು. ಆದರೂ ಕೋಳಿಯೊಂದು ಮೊಟ್ಟೆಗಳ ಮೇಲೆ ಕುಳಿತಿರುವುದನ್ನು ಕಂಡಾಗ, ಈ ಮೂರು ಅರ್ಥಗಳೂ ಒಂದೇ ಬುಟ್ಟಿಯಲ್ಲಿ ಕೂಡಿಬಂದಿವೆಯಲ್ಲ ಎಂದು ಅನ್ನಿಸದೆ ಇರದು.

ಈ ಹೊತ್ತಿನ ನನ್ನ ಮಾತು ಕೋಳಿಯ ವಿಷಯವೇ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಉಳಿದೀತೋ ಇಲ್ಲವೋ ಎಂಬಂತಿದ್ದ ಒಂದು ಕೋಳಿಮರಿಯ ವಿಷಯ.

ನಮ್ಮದು ಕೋಳಿ ಸಾಕುವ ಮನೆತನವಲ್ಲ. ಹುಟ್ಟಿದ್ದು ಹುಕ್ಕೇರಿ ತಾಲೂಕಿನ ಹಳ್ಳಿಯಲ್ಲಿ, ಪಾಠ ಹೇಳಿದ್ದು ಗೋಕಾಕದಲ್ಲಿ. ನಿವೃತ್ತನಾದ ಮೇಲೂ ಗೋಕಾಕ ಬಿಟ್ಟಿಲ್ಲ. ಜನ್ನನ 'ಯಶೋಧರ ಚರಿತೆ'ಯಲ್ಲಿ ಬರುವ ಹಿಟ್ಟಿನ ಕೋಳಿಯೊಂದೇ ನನಗೆ ಹತ್ತಿರದಿಂದ ಪರಿಚಯವಿದ್ದ ಕೋಳಿ. ಆದರೆ ನಮ್ಮ ಹಿತ್ತಿಲಿನ ಆಚೆಯ ಮನೆಯಾಕೆ ಮೂರು ನಾಲ್ಕು ಹ್ಯಾಂಟಿ ಸಾಕಿದ್ದಾಳೆ. ಹೇಂಟೆ ಎಂಬ ಗ್ರಂಥದ ಶಬ್ದ ನಮ್ಮ ಕಡೆಯ ಬಾಯಲ್ಲಿ ಹ್ಯಾಂಟಿಯಾಗುತ್ತದೆ. ಆಕೆ ಕಬ್ಬಿನ ಹೊಲಗಳಿಗೆ ಕಳೆ ತೆಗೆಯಲು ಹೋಗುವವಳು. ಕೂಲಿಯ ಹಣ ಮನೆಗೆ, ಮೊಟ್ಟೆಯ ಹಣ ತನ್ನ ಸೆರಗಿನ ಗಂಟಿಗೆ ಎಂಬುದು ಆಕೆಯ ಅರ್ಥಶಾಸ್ತ್ರ. ಐದನೆಯ ಇಯತ್ತೆ ಓದುವ ಮಗಳ ನೋಟುಬುಕ್ಕು, ಪೆನ್ನು ಬರುವುದು ಆ ಗಂಟಿನಿಂದಲೇ. ಹನ್ನೊಂದು ಮೊಟ್ಟೆಗಳನ್ನು ಕಾವಿಗೆ ಇಟ್ಟಿದ್ದಳು. ಆಷಾಢದ ಜಿಟಿಜಿಟಿ ಮಳೆ, ಪಡುವಣ ಗಾಳಿ. ಇಪ್ಪತ್ತೊಂದನೆಯ ದಿನಕ್ಕೆ ಎಂಟು ಮರಿಗಳು ಹೊರಬಿದ್ದವು. ಒಂಬತ್ತನೆಯದು ಒಂದು ದಿನ ತಡವಾಗಿ ಬಂತು. ಅಷ್ಟು ಹೊತ್ತಿಗೆ ತಾಯಿ ಎಂಟನ್ನು ಕಟ್ಟಿಕೊಂಡು ಅಂಗಳಕ್ಕೆ ಇಳಿದಾಗಿತ್ತು.

ತಾಯಿ ಹೀಗೇಕೆ ಮಾಡುತ್ತದೆ ಎಂಬುದನ್ನು ತುಸು ನೋಡಬೇಕು. ಕಾವಿಗೆ ಕುಳಿತ ಕೋಳಿಯಷ್ಟು ನಿಷ್ಠೆಯಿಂದ ಕೆಲಸ ಮಾಡುವ ಜೀವಿ ಅಪರೂಪ. ಎದೆಯ ಪುಕ್ಕ ಉದುರಿ ಬರಿಯ ಚರ್ಮ ಮೊಟ್ಟೆಗೆ ತಾಗುತ್ತದೆ. ಅದರ ಮೈಶಾಖ ಸುಮಾರು 41 ಡಿಗ್ರಿ ಸೆಲ್ಸಿಯಸ್. ಮೊಟ್ಟೆಗೆ ಬೇಕಾದದ್ದು 37.5ರ ಆಸುಪಾಸು. ದಿನಕ್ಕೊಮ್ಮೆ ಎದ್ದು ಅವಸರದಲ್ಲಿ ನಾಲ್ಕು ಕಾಳು ಹೆಕ್ಕಿ, ನೀರು ಕುಡಿದು, ಮತ್ತೆ ಓಡಿಬರುತ್ತದೆ. ಭ್ರೂಣವು ಚಿಪ್ಪಿನ ಒಳಪೊರೆಗೆ ಅಂಟಿಕೊಳ್ಳದಿರಲೆಂದು ದಿನಕ್ಕೆ ಎಷ್ಟೋ ಸಲ ಮೊಟ್ಟೆಗಳನ್ನು ಕೊಕ್ಕಿನಿಂದ ಹೊರಳಿಸುತ್ತದೆ. ಕೊನೆಯ ದಿನಗಳಲ್ಲಿ ಮರಿ ಚಿಪ್ಪಿನೊಳಗಿಂದಲೇ ಉಲಿಯತೊಡಗಿದರೆ ತಾಯಿ ಹೊರಗಿನಿಂದ ಉತ್ತರಿಸುತ್ತದೆ. ಹೊರಬರುವ ಮುನ್ನ ಮರಿ ಉಳಿದ ಹಳದಿ ಭಾಗವನ್ನು ತನ್ನ ಹೊಟ್ಟೆಯೊಳಕ್ಕೆ ಎಳೆದುಕೊಳ್ಳುತ್ತದೆ. ಎರಡು ಮೂರು ದಿನಗಳಿಗೆ ಸಾಕಾಗುವ ಬುತ್ತಿ ಅದು. ಒಂದು ದಿನದ ಮರಿಗಳನ್ನು ಪೆಟ್ಟಿಗೆಯಲ್ಲಿಟ್ಟು ದೂರದ ಊರುಗಳಿಗೆ ಕಳಿಸುವುದು ಸಾಧ್ಯವಾದದ್ದು ಈ ಬುತ್ತಿಯ ಬಲದಿಂದ. ಆದರೆ ಬುತ್ತಿ ತೀರುವ ಮೊದಲು ಮೊದಲ ಮರಿಗಳಿಗೆ ಮೇವು ತೋರಿಸಬೇಕು. ಆದ್ದರಿಂದ ತಾಯಿ ಏಳಲೇಬೇಕು. ಎಂಟನ್ನು ಉಪವಾಸ ಕೆಡವಿ ಒಂದಕ್ಕಾಗಿ ಕುಳಿತುಕೊಳ್ಳುವ ಅನುಕೂಲ ಅದಕ್ಕಿಲ್ಲ. ಬಿಸಿಮಾಡುವುದು, ಕಾಪಾಡುವುದು ಎರಡನ್ನೂ ಕೋಳಿ ಕೊನೆಯವರೆಗೆ ಮಾಡುತ್ತದೆ. ದಾರಿ ಕಾಯುವುದನ್ನು ಮಾತ್ರ ಒಂದು ಗಳಿಗೆಯಲ್ಲಿ ನಿಲ್ಲಿಸುತ್ತದೆ.

ಮನುಷ್ಯನಾದರೂ ಈ ವಿಷಯದಲ್ಲಿ ಕೋಳಿಗಿಂತ ಉದಾರಿ ಎಂದು ಹೇಳುವ ಧೈರ್ಯ ನನಗಿಲ್ಲ. ಕೋಳಿಯಿಲ್ಲದೆ ಕಾವು ಕೊಡುವುದನ್ನು ಆತ ಬಹಳ ಹಿಂದೆಯೇ ಕಲಿತ. ಪ್ರಾಚೀನ ಈಜಿಪ್ಟಿನವರು ಮಣ್ಣಿನ ಗೂಡುಗಳನ್ನು ಕಟ್ಟಿ, ಬೆರಣಿಯ ಬೆಂಕಿಯ ಕಾವಿನಲ್ಲಿ ಸಾವಿರಗಟ್ಟಲೆ ಮೊಟ್ಟೆಗಳನ್ನು ಮರಿ ಮಾಡುತ್ತಿದ್ದರು. ಉಷ್ಣಮಾಪಕವಿಲ್ಲದ ಆ ಕಸಬುದಾರರು ಮೊಟ್ಟೆಯನ್ನು ಕಣ್ಣಿನ ರೆಪ್ಪೆಗೆ ಒತ್ತಿಕೊಂಡು ಶಾಖ ಅಳೆಯುತ್ತಿದ್ದರಂತೆ. ಇಂದಿನ ಮರಿ ಮಾಡುವ ಕಾರಖಾನೆಗಳಲ್ಲಿ ಎಲ್ಲವೂ ಯಂತ್ರದ ಪಾಲು. ಗೊತ್ತಾದ ಗಂಟೆಗೆ ತಟ್ಟೆಗಳನ್ನು ಹೊರಗೆಳೆಯುತ್ತಾರೆ. ಹೊರಬಂದು ಒಣಗಿ ನಿಂತವು ಪೆಟ್ಟಿಗೆಗೆ, ತಡಮಾಡಿದವು ಮತ್ತು ದುರ್ಬಲವಾದವು ಚಿಪ್ಪಿನ ರಾಶಿಯೊಂದಿಗೆ ಕಸಕ್ಕೆ. ಬಳಲಿದ ಮರಿಯನ್ನು ಶುಶ್ರೂಷೆ ಮಾಡುವ ಪ್ರಶ್ನೆ ಏಳುವುದೇ ಹನ್ನೊಂದು ಮೊಟ್ಟೆ ಇಟ್ಟವರ ಮನೆಯಲ್ಲಿ.

ಆ ಮುಂಜಾನೆ ಹುಡುಗಿ ಮರಿಯನ್ನು ಬೊಗಸೆಯಲ್ಲಿ ಹಿಡಿದು ನಮ್ಮ ಹಿತ್ತಿಲ ಬಾಗಿಲಿಗೆ ಬಂದಳು. ತುಪ್ಪಳ ಒದ್ದೆಯಾಗಿ ಮೈಗೆ ಅಂಟಿತ್ತು. ಕಣ್ಣು ಮುಚ್ಚಿತ್ತು. ಕತ್ತು ಒಂದು ಕಡೆಗೆ ಜೋತಿತ್ತು.

"ಅಜ್ಜಾರ, ಇದು ಬದುಕ್ತೈತೇನ್ರಿ?"

ಮೂಡಲಗಿಯಲ್ಲಿ ಪಶುವೈದ್ಯನಾಗಿರುವ ನನ್ನ ಹಳೆಯ ಶಿಷ್ಯನೊಬ್ಬನಿಗೆ ಫೋನು ಮಾಡಿದೆ. ಪಿ.ಯು.ಸಿ.ಯಲ್ಲಿ ನನ್ನ ಕೈಯಲ್ಲಿ ಕನ್ನಡ ಓದಿದವನು. ಅಂದು ಪಾಠ ಹೇಳುವ ಸರದಿ ಅವನದಾಯಿತು.

"ಸರ್, ಮೊದಲ ತಿನಸಾಕ ಹೋಗಬ್ಯಾಡ್ರಿ. ಮೊದಲ ಬೆಚ್ಚಗ ಮಾಡ್ರಿ. ಆಮ್ಯಾಲ ನೀರು. ಕಾಳಿನ ಮಾತು ಕಡೀಗೆ."

ಈ ಕ್ರಮವನ್ನು ಕೇಳುಗರು ನೆನಪಿಡಬೇಕು. ಬಳಲಿದ ಜೀವವನ್ನು ಕಂಡ ಕೂಡಲೆ ನಮ್ಮ ಕೈ ಹೋಗುವುದು ನುಚ್ಚಿನ ಡಬ್ಬಿಗೆ. ಉಣಿಸುವುದೇ ಪ್ರೀತಿ ಎಂಬ ಭಾವನೆ ನಮ್ಮಲ್ಲಿ ಅಷ್ಟು ಗಟ್ಟಿಯಾಗಿದೆ. ಆದರೆ ತಣ್ಣಗಾದ ಮರಿಯ ಹೊಟ್ಟೆ ಏನನ್ನೂ ಅರಗಿಸಲಾರದು; ಹಾಕಿದ್ದೇ ಭಾರವಾಗುತ್ತದೆ. ಹುಟ್ಟಿದ ಮೊದಲ ವಾರ ಮರಿಗೆ ತನ್ನ ಮೈಶಾಖವನ್ನು ತಾನೇ ಹಿಡಿದಿಟ್ಟುಕೊಳ್ಳುವ ಶಕ್ತಿ ಇರುವುದಿಲ್ಲ. ಸುತ್ತಲಿನ ಗಾಳಿ ಸುಮಾರು 35 ಡಿಗ್ರಿ ಇರಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬಹುದು. ಹುಕ್ಕೇರಿ ಕಡೆಗೆ ಘಟ್ಟದ ಮಳೆಗಾಳಿ ಹೆಚ್ಚು, ಮೂಡಲಗಿ ಕಡೆಗೆ ಬಿಸಿಲು ಹೆಚ್ಚು. ಅಲ್ಲಿ ಚಳಿಯಿಂದಲೂ ಇಲ್ಲಿ ಸೆಕೆಯಿಂದಲೂ ಮರಿಗಳು ಸಾಯುತ್ತವೆ ಎಂದು ಶಿಷ್ಯ ಹೇಳಿದ. ಗೋಕಾಕ ನಡುವೆ ಇದೆ.

ನಮ್ಮ ಮನೆಯವರು ಹಳೆಯ ಧೋತರದ ತುಂಡಿನಿಂದ ಮರಿಯ ಮೈ ಒರಸಿದರು. ಬುಟ್ಟಿಗೆ ಗೋಣಿತಟ್ಟು ಹಾಸಿದೆವು. ಪತ್ರಿಕೆಯ ಕಾಗದ ಹಾಸಬಾರದು. ನುಣುಪಿಗೆ ಮರಿಯ ಕಾಲು ಜಾರಿ ಅತ್ತಿತ್ತ ಸೀಳಿ ನಿಲ್ಲುತ್ತವೆ, ಆಮೇಲೆ ಅದು ನೆಟ್ಟಗೆ ನಿಲ್ಲುವುದು ಕಷ್ಟ. ಇನ್ನು ಬೇಕಾದದ್ದು ಒಂದು 40 ವ್ಯಾಟಿನ ಬಲ್ಬು. ಇಲ್ಲಿ ಒಂದು ತೊಡಕು ಬಂತು. ಈಗ ಅಂಗಡಿಗಳಲ್ಲಿ ಸಿಗುವುದೆಲ್ಲ ಎಲ್‌ಇಡಿ. ಅದು ತಣ್ಣಗೆ ಬೆಳಗುತ್ತದೆ. ತಂತಿಯ ಹಳೆಯ ಬಲ್ಬು ತಾನು ಉಂಡ ವಿದ್ಯುತ್ತಿನ ಬಹುಪಾಲನ್ನು ಬಿಸಿಯಾಗಿ ಚೆಲ್ಲುತ್ತದೆ ಎಂಬ ದೋಷಕ್ಕಾಗಿಯೇ ನಾವು ಅದನ್ನು ಮನೆಯಿಂದ ಓಡಿಸಿದೆವು. ಕೋಳಿಮರಿಗೆ ಬೇಕಾದದ್ದು ಆ ದೋಷವೇ. ಹುಕ್ಕೇರಿಯವನಾದ ನನಗೆ ಬಲ್ಬಿನ ಮೇಲೆ ಸ್ವಲ್ಪ ಮಮತೆ ಹೆಚ್ಚು ಎನ್ನಿ. 1969ರಲ್ಲಿ ಅಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಸ್ಥಾಪನೆಯಾಯಿತು. ಹಳ್ಳಿಯವರೇ ಸದಸ್ಯರಾಗಿ ತಮ್ಮ ಊರಿಗೆ ದೀಪ ತಂದುಕೊಂಡ ಸಂಸ್ಥೆ. ನಮ್ಮ ಪಡಸಾಲೆಯಲ್ಲಿ ಮೊದಲ ಬಲ್ಬು ಹೊತ್ತಿದ ಸಂಜೆ, ಅದನ್ನು ಊದಿ ಆರಿಸಲು ನೋಡಿದ ಅಜ್ಜಿಯನ್ನು ಕಂಡು ನಾವು ಹುಡುಗರು ನಕ್ಕದ್ದು ನೆನಪಿದೆ. ಅಂಥದೊಂದು ಬಲ್ಬು ಕಡೆಗೆ ನಮ್ಮ ಅಟ್ಟದ ಮೇಲೆಯೇ ಸಿಕ್ಕಿತು.

ಬಲ್ಬನ್ನು ಬುಟ್ಟಿಯ ಒಂದು ಬದಿಗೆ ಮಾತ್ರ ಇಳಿಬಿಡಬೇಕು. ಸೆಕೆಯಾದರೆ ಮರಿ ಇನ್ನೊಂದು ಬದಿಗೆ ಸರಿಯಲು ಎಡೆ ಇರಬೇಕು. ಚಳಿಯಾದ ಮರಿ ಕಿರುಚುತ್ತದೆ, ಸೆಕೆಯಾದದ್ದು ಕೊಕ್ಕು ತೆರೆದು ಏದುತ್ತದೆ, ಹಿತವಾದದ್ದು ತನ್ನಷ್ಟಕ್ಕೆ ಮೆಲ್ಲಗೆ ಉಲಿಯುತ್ತದೆ. ಉಷ್ಣಮಾಪಕಕ್ಕಿಂತ ಇದು ನಂಬಿಕೆಗೆ ಅರ್ಹ. ನಮ್ಮ ಮರಿ ಮೊದಲ ಎರಡು ಗಂಟೆ ಕಿರುಚಲೂ ಇಲ್ಲ.

ಮಧ್ಯಾಹ್ನದ ಹೊತ್ತಿಗೆ ಅದು ಕಣ್ಣು ಬಿಟ್ಟಿತು. ಆಗ ನೀರು. ಉಗುರುಬೆಚ್ಚಗಿನ ನೀರಿಗೆ ಚಿಟಿಕೆ ಬೆಲ್ಲ ಕರಗಿಸಿ, ಬೆರಳ ತುದಿಯ ಹನಿಯನ್ನು ಕೊಕ್ಕಿನ ಬದಿಗೆ ತಾಗಿಸಿದೆವು. ಬಾಯಿ ತೆರೆದು ಸುರಿಯುವುದು ಅಪಾಯ. ಶ್ವಾಸನಾಳದ ಬಾಯಿ ನಾಲಿಗೆಯ ಹಿಂದೆಯೇ ತೆರೆದಿರುತ್ತದೆ. ನೀರು ಅಲ್ಲಿಗಿಳಿದರೆ ಮರಿ ಉಳಿಯದು. ಹನಿ ತಾಗಿದಾಗ ಅದು ತಾನೇ ಕತ್ತೆತ್ತಿ ನುಂಗಬೇಕು. ಮೂರನೆಯ ಹನಿಗೆ ಕತ್ತೆತ್ತಿತು. ಹುಡುಗಿ ನನ್ನ ಮುಖ ನೋಡಿದಳು. ನಾನು ಏನೂ ಹೇಳಲಿಲ್ಲ.

ಹಿಂಬದಿಯ ತುಪ್ಪಳದಲ್ಲಿ ಹಿಕ್ಕೆ ಅಂಟಿ ಒಣಗಿ ದ್ವಾರ ಮುಚ್ಚಿತ್ತು. ಇದೊಂದರಿಂದಲೇ ಸಾಯುವ ಮರಿಗಳು ಎಷ್ಟೋ. ಬಿಸಿನೀರಲ್ಲಿ ಅದ್ದಿದ ಅರಳೆಯಿಂದ ನೆನೆಸಿ ನೆನೆಸಿ ಬಿಡಿಸಬೇಕು. ಕಿತ್ತರೆ ಎಳೆಯ ಚರ್ಮ ಹರಿಯುತ್ತದೆ. ಈ ಕೆಲಸ ಹುಡುಗಿಯೇ ಮಾಡಿದಳು, ನನ್ನ ಕಣ್ಣು ಅಷ್ಟು ಸೂಕ್ಷ್ಮವಿಲ್ಲ. ಮರಿ ಮುಟ್ಟಿದ ಮೇಲೆ ಪ್ರತಿಸಲವೂ ಸೋಪು ಹಚ್ಚಿ ಕೈ ತೊಳೆಯಿರಿ ಎಂದು ಶಿಷ್ಯ ಎರಡು ಸಲ ಎಚ್ಚರಿಸಿದ್ದ.

ರಾತ್ರಿ ಗುಡುಗು, ಮಳೆ, ವಿದ್ಯುತ್ತು ಹೋಯಿತು. ಬಾಟಲಿಗೆ ಬಿಸಿನೀರು ತುಂಬಿ ಬಟ್ಟೆ ಸುತ್ತಿ ಬುಟ್ಟಿಯಲ್ಲಿಟ್ಟು, ಆರಿದಂತೆಲ್ಲ ಬದಲಿಸುತ್ತ ಕುಳಿತೆವು. ಹೊರಗೆ ಹೇಳಿಕೊಳ್ಳುವಂಥ ಸಾಹಸ ಇದರಲ್ಲಿ ಯಾವುದೂ ಇಲ್ಲ. ಒಂದು ಗಂಟೆಗೆ, ಎರಡೂವರೆಗೆ, ನಾಲ್ಕಕ್ಕೆ ಒಲೆ ಹೊತ್ತಿಸುವುದು. ನಡುವೆ ಬುಟ್ಟಿಯ ಕಡೆ ಕಿವಿ ಕೊಡುವುದು. ಇಂಥ ಮರಿ ಉಳಿಯುವುದು ಅರ್ಧಕ್ಕರ್ಧ ದೈವದ ಕೈಯಲ್ಲಿ. ಒಳಗಿನ ದೋಷದಿಂದ ಸೊರಗಿದ್ದನ್ನು ಯಾವ ಬಲ್ಬೂ ಉಳಿಸಲಾರದು. ಬರಿಯ ಚಳಿಯಿಂದ ಸೊರಗಿದ್ದು ಮಾತ್ರ ಮರಳಬಲ್ಲದು. ಯಾವುದು ಯಾವುದೆಂದು ಬೆಳಗಾಗುವ ತನಕ ತಿಳಿಯುವುದಿಲ್ಲ.

ಬೆಳಗ್ಗೆ ಅದು ಎದ್ದು ನಿಂತಿತ್ತು, ಮತ್ತು ಕಿರುಚುತ್ತಿತ್ತು. ಈ ಕಿರುಚಾಟ ಒಂಟಿತನದ್ದು. ಹುಡುಗಿ ಒಡೆದ ಕನ್ನಡಿಯ ಚೂರಿನ ಅಂಚಿಗೆ ಬಟ್ಟೆ ಸುತ್ತಿ ಬುಟ್ಟಿಗೆ ಆನಿಸಿಟ್ಟಳು. ತನ್ನ ನೆರಳನ್ನೇ ಜೊತೆಗಾರನೆಂದು ತಿಳಿದು ಮರಿ ಸುಮ್ಮನಾಯಿತು. ಜೋಳದ ಸಣ್ಣ ನುಚ್ಚು, ಬೇಯಿಸಿದ ಮೊಟ್ಟೆಯ ಹಳದಿಯ ಪುಡಿ ಉದುರಿಸಿ ಬೆರಳಿನಿಂದ ಟಕಟಕ ಕುಟ್ಟಿದಾಗ, ತಾಯಿಯ ಕೊಕ್ಕೆಂದು ಬಗೆದು ತಾನೂ ಕುಟ್ಟಿತು. ಆದರೆ ಬಹಳ ದಿನ ಇಟ್ಟುಕೊಳ್ಳಬೇಡಿ ಎಂದು ಶಿಷ್ಯನ ತಾಕೀತು. ಕೊನ್ರಾಡ್ ಲೊರೆಂಝ್ ಎಂಬ ಆಸ್ಟ್ರಿಯದ ವಿಜ್ಞಾನಿಯನ್ನು ಹೆಬ್ಬಾತಿನ ಮರಿಗಳು ತಾಯಿಯೆಂದೇ ನಂಬಿ ಬೆನ್ನುಹತ್ತಿದವು. 1973ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ನಮಗೆ ಅಂಥ ಆಸೆಗಳಿರಲಿಲ್ಲ. ಮೂರನೆಯ ರಾತ್ರಿ ಕತ್ತಲಲ್ಲಿ ಮರಿಯನ್ನು ತಾಯಿಯ ರೆಕ್ಕೆಯ ಕೆಳಗೆ ಮೆಲ್ಲಗೆ ಸರಿಸಿದೆವು. ಹಗಲಲ್ಲಾದರೆ ಹೊಸಬನೆಂದು ಕುಟ್ಟಿ ಓಡಿಸಬಹುದು. ಬೆಳಗಾದಾಗ ಒಂಬತ್ತೂ ಅಂಗಳದಲ್ಲಿದ್ದವು. ಏಳನೆಯ ದಿನ ಎಲ್ಲಕ್ಕೂ ಕೊಕ್ಕರೆ ರೋಗದ ಲಸಿಕೆಯ ಹನಿ ಕಣ್ಣಿಗೆ ಬಿತ್ತು.

ಎರಡು ತಿಂಗಳಾಗುವ ಹೊತ್ತಿಗೆ ನಮ್ಮ ಮರಿಯ ಜುಟ್ಟು ಕೆಂಪಾಗಿ ಎದ್ದಿತು. ಹ್ಯಾಂಟಿಯಲ್ಲ, ಹುಂಜ. ಮೊಟ್ಟೆ ಇಡದ ಹುಂಜದ ಗತಿ ಏನೆಂದು ನಿಮಗೂ ಗೊತ್ತು, ನನಗೂ ಗೊತ್ತು. 1209ರಲ್ಲಿ ಜನ್ನ ಬರೆದ ಕಾವ್ಯದಲ್ಲಿ ಹಿಟ್ಟಿನ ಹುಂಜವನ್ನು ಬಲಿಕೊಟ್ಟ ಸಂಕಲ್ಪಕ್ಕಾಗಿಯೇ ತಾಯಿಮಗ ಜನ್ಮಜನ್ಮ ತೊಳಲುತ್ತಾರೆ. ಅದನ್ನು ವರ್ಷ ವರ್ಷವೂ ವಿವರಿಸಿದ ನಾನು, ರಾತ್ರಿಯೆಲ್ಲ ನೀರು ಕಾಯಿಸಿ ಉಳಿಸಿದ್ದು ಯಾರ ಹಬ್ಬಕ್ಕಾಗಿ ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಹುಡುಗಿಯ ತಾಯಿಯ ಮುಂದೆ ಅದನ್ನು ಆಡಿದೆ.

"ಸರ್ರ, ಮರಿ ಉಳಿಸಿದ್ದು ನೀವು. ಹುಂಜ ಆಗಿದ್ದು ಅದರ ಹಣೇಬರ," ಎಂದಳು. ಆಕೆಯ ದನಿಯಲ್ಲಿ ಕಟುತನವಿರಲಿಲ್ಲ. ಪುಕ್ಕಟೆ ಮಮತೆ ತೋರಿಸಲು ನನಗೆ ಪಿಂಚಣಿ ಇದೆ, ಆಕೆಗಿಲ್ಲ.

ದಸರೆ ಮುಗಿದ ಮೇಲೆ ಹುಂಜವನ್ನು ಮೂಡಲಗಿಯ ಸಂತೆಗೆ ಒಯ್ದು ಮಾರಿದಳು. ಹುಡುಗಿ ಅಂದು ಶಾಲೆಯಿಂದ ತಡವಾಗಿ ಬಂದಳು. ಕೊಂಡವರು ಯಾರು, ಯಾತಕ್ಕಾಗಿ ಕೊಂಡರು ಎಂದು ನಾನು ಕೇಳಲಿಲ್ಲ. ಆಕೆ ಹೇಳಲೂ ಇಲ್ಲ. ಬಂದ ಹಣಕ್ಕೆ ಇನ್ನಷ್ಟು ಕೂಡಿಸಿ ಎರಡು ಎಳೆಯ ಹ್ಯಾಂಟಿ ತಂದಿದ್ದಾಳೆ. ಅವುಗಳಲ್ಲೊಂದು ಈಗ ಹನ್ನೆರಡು ಮೊಟ್ಟೆಗಳ ಮೇಲೆ ಕುಳಿತಿದೆ. ಇಂದಿಗೆ ಹದಿನಾಲ್ಕನೆಯ ದಿನ.