ತಪ್ಪಿದ ಪಾಠವನ್ನು ಎಲ್ಲಿಂದ ಹಿಡಿಯಬೇಕು?

(ಸಂಘದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಹಗಲು ಹೋಟೆಲಿನಲ್ಲಿ ದುಡಿದು, ಇರುಳು ರಾತ್ರಿಶಾಲೆಯ ಬೆಂಚಿನ ಮೇಲೆ ಕುಳಿತು ಮೆಟ್ರಿಕ್ ದಾಟಿದವರು ಮುಂಬಯಿಯ ಕನ್ನಡ ಬದುಕನ್ನು ಕಟ್ಟಿದವರಲ್ಲಿ ಸೇರಿದ್ದಾರೆ. ಬಿಟ್ಟುಹೋದ ಓದನ್ನು ಮರಳಿ ಪಡೆಯಬಹುದು ಎಂಬುದಕ್ಕೆ ನಮಗೆ ಹೊರಗಿನ ಸಾಕ್ಷಿ ಬೇಕಿಲ್ಲ. ಅದನ್ನು ಎಲ್ಲಿಂದ ಹಿಡಿಯಬೇಕು ಎಂಬುದೇ ಇಂದು ನಾನೆತ್ತುವ ಪ್ರಶ್ನೆ.

ಶಾಲೆಗೆ ಸೇರದ ಮಗು ನಮ್ಮ ಕಣ್ಣಿಗೆ ಬೀಳುತ್ತದೆ. ಶಾಲೆಯಲ್ಲಿದ್ದೂ ಓದಲು ಬಾರದ ಮಗು ಬೀಳುವುದಿಲ್ಲ. ಹಾಜರಿ ಪುಸ್ತಕದಲ್ಲಿ ಅದರ ಹೆಸರಿದೆಯಲ್ಲ! 2005ರಲ್ಲಿ ಆರಂಭವಾದ 'ಅಸರ್' ಸಮೀಕ್ಷೆಯವರು ಹಳ್ಳಿಯ ಮನೆಗಳಿಗೆ ಹೋಗಿ, ಎರಡನೆಯ ತರಗತಿಯ ಮಟ್ಟದ ಪುಟ್ಟ ಪಾಠವೊಂದನ್ನು ಮಕ್ಕಳಿಂದ ಓದಿಸುತ್ತಾರೆ. ಮೂರನೆಯ ತರಗತಿಯವರಲ್ಲಿ ಅದನ್ನು ಓದಬಲ್ಲವರು 2018ರಲ್ಲಿ ಶೇ. 27.3. ಕೋವಿಡ್ ಕಾಲದಲ್ಲಿ ಶಾಲೆಗಳು ಮುಚ್ಚಿದ ಬಳಿಕ, 2022ರಲ್ಲಿ, ಶೇ. 20.5. 2024ರಲ್ಲಿ ಶೇ. 27.1. ಕಳೆದುದು ಬಹುಮಟ್ಟಿಗೆ ಮರಳಿತು, ನಿಜ. ಆದರೆ ನಾಲ್ವರಲ್ಲಿ ಮೂವರು ಓದಲಾರದ ಹಳೆಯ ಸ್ಥಿತಿಗೆ ಮರಳಿದ್ದನ್ನು ಚೇತರಿಕೆ ಎನ್ನಬಹುದೇ?

ಕಾರಣ ಗೂಢವಾದುದಲ್ಲ. ನಮ್ಮ ತರಗತಿ ಮಗುವಿನ ವಯಸ್ಸನ್ನು ನೋಡುತ್ತದೆ, ಪಠ್ಯಪುಸ್ತಕ ಮುಗಿಯಿತೇ ಎಂದು ನೋಡುತ್ತದೆ. ಒಂದನೆಯ ತರಗತಿಯ ಅಕ್ಷರ ತಪ್ಪಿದವನಿಗೆ ನಾಲ್ಕನೆಯ ತರಗತಿಯ ಪಾಠ ಬರಿಯ ಸದ್ದು.

ಇದಕ್ಕೊಂದು ದಾರಿ ಕಂಡದ್ದು ಮುಂಬಯಿಯ ಕೊಳೆಗೇರಿಗಳಲ್ಲೇ. 1990ರ ದಶಕದ ನಡುವಿನಲ್ಲಿ ಇಲ್ಲಿ ಹುಟ್ಟಿದ 'ಪ್ರಥಮ್' ಸಂಸ್ಥೆ, ಓದಿನಲ್ಲಿ ಹಿಂದುಳಿದ ಮಕ್ಕಳನ್ನು ದಿನಕ್ಕೆ ಸುಮಾರು ಎರಡು ಗಂಟೆ ಬೇರೆಯಾಗಿ ಕೂರಿಸಿತು. ಕಲಿಸಿದವರು ಅದೇ ಬಡಾವಣೆಯ ಯುವತಿಯರು, 'ಬಾಲಸಖಿ'ಯರು. ಮುಂಬಯಿ ಮತ್ತು ವಡೋದರಗಳಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತಿತರರು ಇದನ್ನು ಪರೀಕ್ಷಿಸಿ, 2007ರಲ್ಲಿ ಫಲಿತಾಂಶ ಪ್ರಕಟಿಸಿದರು: ಹಿಂದುಳಿದ ಮಕ್ಕಳೇ ಹೆಚ್ಚು ಮುಂದೆ ಬಂದಿದ್ದರು. ಆದರೆ ನೆರವು ನಿಂತು ವರ್ಷವಾಗುವಷ್ಟರಲ್ಲಿ ಆ ಗಳಿಕೆಯ ಬಹುಭಾಗ ಸವೆದಿತ್ತು ಎಂಬುದನ್ನೂ ಅವರು ಮುಚ್ಚಿಡಲಿಲ್ಲ. ಒಂದು ಶಿಬಿರ ನಡೆಸಿ ಕೈತೊಳೆದುಕೊಳ್ಳುವವರು ಈ ಮಾತನ್ನು ನೆನಪಿಡಬೇಕು.

ಈ ಕ್ರಮ ಮುಂದೆ ಇನ್ನಷ್ಟು ಸರಳವಾಯಿತು. ಮೂರರಿಂದ ಐದನೆಯ ತರಗತಿಯ ಮಕ್ಕಳನ್ನು ಒಟ್ಟುಗೂಡಿಸಿ, ಅಕ್ಷರ ಬಲ್ಲವರು, ಪದ ಬಲ್ಲವರು, ವಾಕ್ಯ ಬಲ್ಲವರು, ಕಥೆ ಓದುವವರು ಎಂದು ಗುಂಪು ಮಾಡುವುದು. ಒಂದು ಮೆಟ್ಟಿಲು ಹತ್ತಿದ ಮಗುವನ್ನು ಮುಂದಿನ ಗುಂಪಿಗೆ ಸೇರಿಸುವುದು. ಆಫ್ರಿಕದ ಜಾಂಬಿಯಾ ಇದನ್ನು ತನ್ನ ಸ್ಥಳೀಯ ಭಾಷೆಗಳಲ್ಲಿ ನಡೆಸಿತು. ಕರ್ನಾಟಕ ಸರ್ಕಾರವೂ 2022–23ನ್ನು 'ಕಲಿಕಾ ಚೇತರಿಕೆ'ಯ ವರ್ಷವಾಗಿಸಿತು.

ಆದರೆ ಕಲಬುರಗಿ, ಯಾದಗಿರಿಗಳಿಂದ ಕಟ್ಟಡ ಕೆಲಸಕ್ಕೆ ಮುಂಬಯಿ, ಪುಣೆಗಳಿಗೆ ಬಂದ ಕೂಲಿಕಾರರ ಮಗು ಯಾರ ಲೆಕ್ಕಕ್ಕೆ ಸೇರಿದ್ದು? ಊರ ಶಾಲೆಯಲ್ಲಿ ಅದು ಗೈರುಹಾಜರಿ. ಇಲ್ಲಿಯ ಶಾಲೆಗೆ ಸೇರಿದರೂ ಮನೆಯ ಮಾತು ಒಂದು, ಪಾಠದ ಮಾತು ಇನ್ನೊಂದು. ನಾವು ರಾಜ್ಯೋತ್ಸವದಲ್ಲಿ ಭಾಷೆಯ ಉಳಿವಿಗಾಗಿ ದನಿಯೆತ್ತುತ್ತೇವೆ. ಆ ಭಾಷೆಯನ್ನಾಡುವ ಮಗು ನಮ್ಮ ಸಭಾಂಗಣದ ಮೆಟ್ಟಿಲನ್ನೂ ಕಂಡಿಲ್ಲ.

ಸಂಘಕ್ಕೆ ನನ್ನ ಬೇಡಿಕೆ ದೊಡ್ಡದಲ್ಲ. ಸಂಜೆಯ ಹೊತ್ತು ಖಾಲಿಯಿರುವ ಈ ಕೋಣೆ, ದಿನಕ್ಕೊಂದು ಗಂಟೆ, ನಮ್ಮ ಕಾಲೇಜು ಹುಡುಗ ಹುಡುಗಿಯರು ನಾಲ್ಕಾರು ಮಂದಿ. ಬಂದ ಮಗುವನ್ನು 'ಎಷ್ಟನೆಯ ತರಗತಿ?' ಎಂದು ಕೇಳುವುದು ಬೇಡ. ಒಂದು ಸಾಲು ಕೊಟ್ಟು, 'ಎಲ್ಲಿಯವರೆಗೆ ಬರುತ್ತದೆ, ಓದು ಮಗು' ಎನ್ನೋಣ. ಅದು ಎಲ್ಲಿ ತಡೆಯುತ್ತದೆಯೋ ಅಲ್ಲಿಂದ ಆರಂಭಿಸೋಣ.