ಇಂಗ್ಲೀಷು ವ್ಯಾಕರಣದ ಅಭ್ಯಾಸ


ಪ್ರೌಢಶಾಲೆಯ ಹುಡುಗನು ಇಂಗ್ಲೀಷು ವ್ಯಾಕರಣದ ಸೂತ್ರಗಳನ್ನು ಒಂದೇ ಉಸಿರಿನಲ್ಲಿ ಒಪ್ಪಿಸುವನು; ರಜೆಗಾಗಿ ನಾಲ್ಕು ಸಾಲಿನ ಅರ್ಜಿ ಬರೆಯೆಂದರೆ ತಡವರಿಸುವನು. ದೋಷವು ಅವನದಲ್ಲ, ಕಲಿಸುವ ನಮ್ಮದು. ಅವನು ಬಲ್ಲ ಕನ್ನಡವನ್ನು ನಾವು ತರಗತಿಯ ಹೊರಗೇ ನಿಲ್ಲಿಸಿದ್ದೇವೆ.

'ಧಾರವಾಡದಲ್ಲಿ', 'ಬಾಗಿಲಲ್ಲಿ', 'ಪುಟದಲ್ಲಿ' ಎಂಬ ಮೂರಕ್ಕೂ ನಮ್ಮ ಸಪ್ತಮಿ ವಿಭಕ್ತಿಯೊಂದೇ ಸಾಕು. ಇಂಗ್ಲೀಷಿಗೆ 'ಇನ್', 'ಆ್ಯಟ್', 'ಆನ್' ಎಂಬ ಮೂರು ಬೇರೆ ಮಾತುಗಳು ಬೇಕು. ಅವೂ ನಾಮಪದಕ್ಕೆ ಮುಂಚೆ ಬರಬೇಕು. ಹುಡುಗನು ಎಡವುವುದು ಇಲ್ಲಿಯೇ. ಈ ಭೇದವನ್ನು ಕನ್ನಡದಲ್ಲಿಯೇ ತಿಳಿಸಿ, ಅವನ ಊರುಮನೆಗಳ ವಿಷಯವಾಗಿ ಹತ್ತು ವಾಕ್ಯಗಳನ್ನು ಬರೆಯಿಸೋಣ. 13ನೆಯ ಶತಮಾನದ ಕೇಶಿರಾಜನು ತನ್ನ ಸೂತ್ರಗಳಿಗೆ ಕವಿಗಳ ಪ್ರಯೋಗಗಳನ್ನು ತೋರಿಸಿದನು. ನಾವಾದರೋ ಪ್ರಯೋಗವಿಲ್ಲದ ಸೂತ್ರವನ್ನು ಉರುಹೊಡೆಯಿಸುತ್ತೇವೆ!

ಶಬ್ದಗಳೂ ಹಾಗೆಯೇ. ಪಟ್ಟಿಯಿಂದ ಇಪ್ಪತ್ತನ್ನು ಕಂಠಪಾಠ ಮಾಡಿಸುವುದಕ್ಕಿಂತ ಐದನ್ನು ವಾಕ್ಯದಲ್ಲಿ ಬಳಸಿ ಬರೆಯಿಸುವುದು ಲೇಸು. ಬರುವ ಸೋಮವಾರದ ಪಾಠವನ್ನು ಹೀಗೆ ನಡೆಸಿ ನೋಡೋಣ.